ರೋಜಮ್ಮನ ಲೋಟ

ಮೊನ್ನೆ ನನ್ನ ಸೊಸೆ ಒಂದು ಹಿತ್ತಾಳೆ ಲೋಟಕ್ಕೆ ಮಣ್ಣು ತುಂಬಿ, ಅದರಲ್ಲಿ ಮನಿಪ್ಲಾಂಟ್ ಬಳ್ಳಿ ನೆಟ್ಟು, ಕಿಟಕಿಯಲ್ಲಿಟ್ಟು, "ಹೇಗಿದೆ ಅತ್ತೆ?" ಎಂದು ಕೇಳಿದಳು. ಹೇಗಿದೆ ಅಂದರೆ ಏನು ಹೇಳಲಿ? ಪೇಟೆಯಲ್ಲಿ ಅಷ್ಟೊಂದು ಮಣ್ಣಿನ ಕುಂಡಗಳು ಬಿದ್ದಿವೆ, ಮನೆಯಲ್ಲಿ ಒಡೆದ ಬಕೆಟ್ಟುಗಳಿವೆ, ಹಳೆಯ ಪೌಡರ್ ಡಬ್ಬಿಗಳಿವೆ. ಅದೆಲ್ಲ ಬಿಟ್ಟು ಆ ಲೋಟವೇ ಕಣ್ಣಿಗೆ ಬೀಳಬೇಕೇ? ನಾನು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

ಲೋಟದ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು ಕೊರೆದಿದೆ, ರೋಜಮ್ಮ ಎಂದು. ನನ್ನ ಹೆಸರು ಜಯಮ್ಮ. ನನ್ನ ತಾಯಿ ಅಕ್ಕಯ್ಯಮ್ಮ. ನಮ್ಮ ಇಡೀ ವಂಶವನ್ನು ಜರಡಿ ಹಿಡಿದರೂ ರೋಜಮ್ಮ ಎನ್ನುವವಳು ಸಿಗುವುದಿಲ್ಲ. ಸೊಸೆ ಮಣ್ಣು ಹೊರಗೆ ಸುರಿಯುತ್ತಾ, "ಯಾರತ್ತೆ ಈ ರೋಜಮ್ಮ? ರೋಸಿ ಆಂಟೀನಾ?" ಎಂದಳು. "ಅವಳೇ. ನಮ್ಮಮ್ಮನ ಬಾಯಲ್ಲಿ ರೋಸಿ ರೋಜಮ್ಮ ಆದಳು. ನನ್ನ ಮನೆ ಕದ್ದವಳು" ಎಂದೆ. ಐವತ್ತು ವರ್ಷವಾದರೂ ಆ ಮಾತು ಹೇಳುವಾಗ ನನಗೆ ಮೈ ಉರಿಯುತ್ತದೆ. ನೀವೂ ಕೇಳಿ, ಉರಿಯಬೇಕೋ ಬೇಡವೋ ಆಮೇಲೆ ಹೇಳಿ.

ನಮ್ಮೂರು ದೊಡ್ಡನೆಕ್ಕುಂದಿ. ಈಗ ಅಲ್ಲಿ ಕಾರ್ಖಾನೆಗಳು. ನನ್ನ ಕಾಲದಲ್ಲಿ ಕೆರೆ, ರಾಗಿ ಹೊಲ, ಸೊಪ್ಪಿನ ಮಡಿ. ಆಗ ಮಹಾಯುದ್ಧ ನಡೆಯುತ್ತಿತ್ತು. ತಿಪ್ಪಸಂದ್ರದ ಕಡೆಯ ಕಾರ್ಖಾನೆಯಿಂದ ವಿಮಾನಗಳು ಹಾರಿ ಬಂದು ನಮ್ಮ ಹಸುಗಳ ಹಾಲು ಹಿಂಗಿಸುತ್ತಿದ್ದವು. ನಾವು ಮೈಸೂರು ಮಹಾರಾಜರ ಪ್ರಜೆಗಳು. ಎರಡೂವರೆ ಹರದಾರಿ ಪಡುವಲಿಗೆ ನಡೆದರೆ ದಂಡು. ಕಂಟೋನ್ಮೆಂಟಿಗೆ ನಮ್ಮ ಕಡೆ ಹಾಗೆಯೇ ಹೇಳುತ್ತಿದ್ದುದು. ಅದು ಇಂಗ್ಲಿಷರ ಸೀಮೆ. ಪೊಲೀಸು ಬೇರೆ, ಕೋರ್ಟು ಬೇರೆ, ರೇಷನ್ ಚೀಟಿ ಬೇರೆ. ಇಲ್ಲಿ ಕೋಳಿ ಕದ್ದವನು ಅಲ್ಲಿಗೆ ಓಡಿಹೋದರೆ ನಮ್ಮ ಪೊಲೀಸಿನವನು ಗಡಿಯಲ್ಲಿ ನಿಂತು ಬೈದು ವಾಪಸು ಬರುತ್ತಿದ್ದ ಎಂದು ನಮ್ಮ ತಾತ ಹೇಳುತ್ತಿದ್ದರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ನಾನು ದಿನಾ ಕೃಷ್ಣರಾಜಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ನಡೆದುಹೋಗುತ್ತಿದ್ದೆ. ಒಂದು ದಿನ ತಪಾಸಣೆಗೆ ಬಂದ ಅಮ್ಮನವರಿಗೆ ಒಂದು ಯೋಚನೆ ಹೊಳೆಯಿತು. ಎರಡು ಸರ್ಕಾರಗಳ ಮಕ್ಕಳು ಒಬ್ಬರ ಬದುಕನ್ನು ಇನ್ನೊಬ್ಬರು ಅರಿಯಬೇಕಂತೆ. ನಮ್ಮ ಸ್ಕೂಲಿನಿಂದ ಒಬ್ಬಳು ಮೂರು ತಿಂಗಳು ದಂಡಿನ ಒಂದು ಮಿಷನ್ ಸ್ಕೂಲಿನ ಹಾಸ್ಟೆಲಿನಲ್ಲಿದ್ದು ಓದಬೇಕು. ಅಲ್ಲಿಂದ ಒಬ್ಬಳು ಬಂದು ನಮ್ಮವಳ ಮನೆಯಲ್ಲಿದ್ದು ನಮ್ಮ ಸ್ಕೂಲಿನಲ್ಲಿ ಓದಬೇಕು. ತರಗತಿಯಲ್ಲಿ ಬಾಯಿ ಜೋರಿದ್ದವಳು ನಾನು. ನನ್ನನ್ನೇ ಆರಿಸಿದರು. ತಾತ ಊರೆಲ್ಲ ಸುತ್ತಿ, "ನನ್ ಮೊಮ್ಮಗ್ಳು ಓದಕ್ಕೆ ಪರದೇಶಕ್ಕೆ ಹೋಗ್ತಾವ್ಳೆ" ಎಂದು ಸಾರಿದರು. ವಾರಕ್ಕೆರಡು ಸಲ ಅದೇ ಪರದೇಶಕ್ಕೆ ಗಾಡಿಯಲ್ಲಿ ಬದನೆಕಾಯಿ ಹೊತ್ತುಕೊಂಡು ಹೋಗುತ್ತಿದ್ದವರೂ ಅವರೇ.

ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನಲ್ಲಿ ಸಂತೆಯಲ್ಲಿ ಎಮ್ಮೆ ಬದಲಾಯಿಸಿದ ಹಾಗೆ ನಮ್ಮಿಬ್ಬರನ್ನೂ ಬದಲಾಯಿಸಿದರು. ಹಾಸ್ಟೆಲಿನ ಆಯಾ ರೋಸಿಯನ್ನು ಕೆಳಗಿಳಿಸಿದಳು. ನನ್ನದೇ ವಯಸ್ಸು, ಹನ್ನೆರಡು. ಒಂದು ತಗಡಿನ ಪೆಟ್ಟಿಗೆ, ಬಿಳಿ ಫ್ರಾಕು, ಕಡ್ಡಿಯಂಥ ಕೈಗಳು. ತಂದೆ ತಾಯಿ ಇಲ್ಲ, ಐದು ವರ್ಷದವಳಿದ್ದಾಗಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ಎಂದು ಆಯಾ ಹೇಳಿದಳು. ಅಷ್ಟೇ ಸಾಕಾಯಿತು ನಮ್ಮಮ್ಮನಿಗೆ. "ಅಯ್ಯೋ ನನ್ ಕಂದ, ಗಾಳಿ ಬಂದ್ರೆ ಹಾರೋಗ್ತೀಯಲ್ಲೇ" ಎಂದು ಅವಳ ತಲೆ ಸವರಿದವಳು, ಸವರುತ್ತಲೇ ಇದ್ದಳು. ನನ್ನ ರೈಲು ಸಿಳ್ಳೆ ಹಾಕಿ ಹೊರಟಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈಬೀಸಿದೆ. ಅಮ್ಮ ಈ ಕಡೆ ತಿರುಗಿ ನೋಡಲಿಲ್ಲ. ಅಲ್ಲಿಗೆ ಶುರುವಾಯಿತು ನೋಡಿ ನನ್ನ ಸಿಟ್ಟು.

ಹಾಸ್ಟೆಲಿನಲ್ಲಿ ನನ್ನನ್ನು ಎದುರುಗೊಂಡದ್ದು ಮೇಟ್ರನ್ ಅಮ್ಮ, ಕೈಯಲ್ಲಿ ಒಂದು ಅಲ್ಯುಮಿನಿಯಂ ತಟ್ಟೆ. ತಟ್ಟೆಯ ಅಂಚಿನಲ್ಲಿ ಹದಿನೇಳು ಎಂದು ಒತ್ತಿತ್ತು. ಹಾಸಿಗೆಯ ತಲೆಕಡೆ ಹದಿನೇಳು, ಟವಲಿನ ಮೂಲೆಯಲ್ಲಿ ಹದಿನೇಳು, ನೀರು ಕುಡಿಯುವ ಮಗ್ಗಿನ ಮೇಲೆ ಹದಿನೇಳು. ಎಲ್ಲ ರೋಸಿಯದು, ಮೂರು ತಿಂಗಳಿಗೆ ನನಗೆ.

"ಸೆವೆಂಟೀನ್, ಕೈ ತೊಳ್ಕೊಂಡು ಊಟಕ್ಕೆ ಬಾ."

"ನನ್ನ ಹೆಸರು ಜಯಮ್ಮ, ಮೇಡಂ."

"ಇರಲಿ. ಇಲ್ಲಿ ಅರವತ್ತು ಹುಡುಗೀರು. ಮೂರು ಮೇರಿ, ನಾಲ್ಕು ಎಲಿಜಬೆತ್. ಹೆಸರು ಹಿಡ್ಕೊಂಡು ಕೂಗ್ತಾ ಕೂತ್ರೆ ಗಂಜಿ ಆರಿಹೋಗುತ್ತೆ."

ನಮ್ಮ ಮನೆಯಲ್ಲಿ ಹಸುವಿಗೆ ಗೌರಿ ಎಂದು ಹೆಸರು. ಅದರ ಕರುವಿಗೆ ನಾನೇ ಹೆಸರಿಟ್ಟಿದ್ದೆ. ಪಾತ್ರೆಗಳ ವಿಷಯವಂತೂ ಕೇಳಲೇಬೇಡಿ. ವರ್ಷಕ್ಕೊಮ್ಮೆ ಪಾತ್ರೆಗೆ ಹೆಸರು ಕೊರೆಯುವವನು ಪುಟ್ಟ ಉಳಿ ಸುತ್ತಿಗೆ ಹಿಡಿದು ನಮ್ಮೂರಿಗೆ ಬರುತ್ತಿದ್ದ. ಅರಳಿಕಟ್ಟೆಯ ಮೇಲೆ ಕೂತು ಟಕಟಕ ಎಂದು ಚುಕ್ಕಿ ಹೊಡೆಯುತ್ತಿದ್ದ. ಓದು ಬರಹ ಬಾರದ ಹೆಂಗಸರು ಪಕ್ಕದಲ್ಲೇ ಕೂತು, ಹೆಸರು ಸರಿಯಾಗಿ ಬಂತೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ನಮ್ಮಮ್ಮನ ಲೆಕ್ಕದಲ್ಲಿ ಪಾತ್ರೆಯ ಮೇಲೆ ಹೆಸರಿದ್ದವರು ಮನೆಯವರು, ಇಲ್ಲದವರು ನೆಂಟರು. ಅವಳು ತವರಿನಿಂದ ತಂದ ಜೋಡಿ ಲೋಟಗಳಲ್ಲಿ ಒಂದರ ಮೇಲೆ ನನ್ನ ಹೆಸರಿತ್ತು. ಇನ್ನೊಂದು ಖಾಲಿ. ಅಂಥ ಮನೆಯವಳು ನಾನು. ನನ್ನನ್ನು ಸೆವೆಂಟೀನ್ ಎನ್ನುವುದೇ?

ಆ ಸ್ಕೂಲಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಇಬ್ಬರೇ, ಮನೆಯಿಂದ ಬಂದು ಓದುತ್ತಿದ್ದ ಗೆಳತಿಯರು. ಮೆಹರ್ ಬ್ಲಾಕ್‌ಪಲ್ಲಿಯವಳು, ಅಂದರೆ ಈಗಿನ ಶಿವಾಜಿನಗರ. ಕಣ್ಮಣಿ ಹಲಸೂರಿನವಳು. ಶನಿವಾರ ಮಧ್ಯಾಹ್ನ ಅವರ ಜೊತೆ ಹೊರಗೆ ಹೋಗಲು ಅಪ್ಪಣೆಯಿತ್ತು. ಪರದೇಶದವಳಿಗೆ ತಮ್ಮ ಊರು ತೋರಿಸುವ ಉತ್ಸಾಹ ಇಬ್ಬರಿಗೂ.

"ಅರೆ ಚಲೋ ಜಯಾ, ಮೊದ್ಲು ನಮ್ಮನೆ. ಅಮ್ಮಿ ಶರಬತ್ತು ಮಾಡಿಟ್ಟಿದಾರೆ" ಎಂದು ಮೆಹರ್ ಎಳೆದರೆ, "ಎನ್ನಡಿ ಇದು, ಮೊದ್ಲು ಹಲಸೂರು ಕೆರೆ! ಅಲ್ಲಿ ದೋಣಿ ಇದೆ" ಎಂದು ಕಣ್ಮಣಿ ಇನ್ನೊಂದು ಕೈ ಎಳೆಯುತ್ತಿದ್ದಳು. ನೋಡಲು ಬೇಕಾದಷ್ಟಿತ್ತು. ಕವಾಯತು ಮೈದಾನ, ಕೆಂಪು ಮುಖದ ಸೋಲ್ಜರುಗಳು, ಗಾಜಿನ ಹಿಂದೆ ಕೇಕು ಜೋಡಿಸಿಟ್ಟ ಬೇಕರಿ. ಮೆಹರ್ ಮನೆಯಲ್ಲಿ ಅವಳ ಅಮ್ಮಿ ಬೆಳ್ಳಿ ಅಂಚಿನ ಗಾಜಿನ ಲೋಟದಲ್ಲಿ ಶರಬತ್ತು ಕೊಟ್ಟರು. ಎರಡು ಸಲ ಕೇಳಿ ಹಾಕಿಸಿಕೊಂಡೆ. ಈ ಶರಬತ್ತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅಲ್ಲಿಂದ ರಸೆಲ್ ಮಾರ್ಕೆಟ್ಟು ಹತ್ತಿರ. ಅಲ್ಲಿಗೆ ಹೋದದ್ದೇ ತಪ್ಪಾಯಿತು. ಮಾರ್ಕೆಟ್ಟಿನ ಹೊರಗೆ ದಂಟಿನ ಸೊಪ್ಪಿನ ಗುಡ್ಡೆಯ ಹಿಂದೆ ಕೂತಿದ್ದವಳು ಸಾಕ್ಷಾತ್ ನಮ್ಮ ಪಕ್ಕದ ಮನೆಯ ಪಿಳ್ಳಮ್ಮ!

"ಏಯ್, ನೀನು ಅಕ್ಕಯ್ಯಮ್ಮನ ಮಗ್ಳಲ್ವಾ? ಪರದೇಶಕ್ಕೆ ಹೋದ್ಲು ಅಂದ್ರು, ಇಲ್ಲೇ ಇದ್ಯಲ್ಲಮ್ಮಿ!"

ಗೆಳತಿಯರು ಬಿದ್ದು ಬಿದ್ದು ನಕ್ಕರು. ನಾನು ಮರ್ಯಾದೆ ಉಳಿಸಿಕೊಳ್ಳಲು, "ನಮ್ಮನೇಲಿ ಎಲ್ಲ ಹೇಗಿದಾರೆ?" ಎಂದು ಕೇಳಿದೆ.

"ನಿಮ್ಮನೆಗೇನಮ್ಮ, ಚಿನ್ನದಂಥ ಹುಡ್ಗಿ ಬಂದವ್ಳೆ. ಹೊತ್ತಾರೆ ಎದ್ದು ಸಗಣಿ ಬಾಚ್ತಾಳೆ. ಕರು ಅವ್ಳ ಹಿಂದಿಂದೇನೆ ಓಡಾಡ್ತೈತೆ. ನಿಮ್ಮವ್ವ ಅವ್ಳಿಗೆ ದಿನಾ ತಲೆಗೆ ಎಣ್ಣೆ ಒತ್ತಿ ಜಡೆ ಹೆಣೀತಾಳೆ. ನಿನ್ ಲೋಟ್ದಾಗೇ ಹಾಲು ಕೊಡ್ತಾಳೆ."

ನನ್ನ ಕರು! ನನ್ನ ಲೋಟ! ನಾನು ಒಂದೇ ಒಂದು ದಿನ ಸಗಣಿ ಬಾಚಿದವಳಲ್ಲ. ಅದನ್ನು ಅಮ್ಮ ಈಗ ಲೆಕ್ಕ ಹಿಡಿಯುತ್ತಿರಬಹುದು ಎನ್ನಿಸಿತು. ಮೂರು ತಿಂಗಳು ಕಳೆದ ಮೇಲೆ ಅಮ್ಮ, "ಇವಳೇ ಇರ್ಲಿ ಬಿಡಿ, ಅವ್ಳನ್ನ ನೀವೇ ಇಟ್ಕೊಳ್ಳಿ" ಎಂದುಬಿಟ್ಟರೆ? ನಗಬೇಡಿ. ಹನ್ನೆರಡರ ಹುಡುಗಿ, ತಟ್ಟೆಯ ಮೇಲಿನ ನಂಬರಾಗಿ ಕೂತವಳು, ಅದಕ್ಕಿಂತ ಬೇರೆ ಏನು ಯೋಚಿಸಿಯಾಳು?

ಅಲ್ಲಿಂದ ಮುಂದೆ ಶನಿವಾರ ಬಂದರೆ ನನಗೆ ಕೆರೆಯೂ ಬೇಡ, ದೋಣಿಯೂ ಬೇಡ. ಪಿಳ್ಳಮ್ಮನ ಸೊಪ್ಪಿನ ಗುಡ್ಡೆಯೇ ಬೇಕು. ಕಣ್ಮಣಿ ಹಲಸೂರಿನ ಸೋಮೇಶ್ವರನ ದೇವಸ್ಥಾನ ತೋರಿಸಿದರೆ, "ಆಯ್ತು, ನಡಿ ಮಾರ್ಕೆಟ್ಟಿಗೆ" ಎನ್ನುತ್ತಿದ್ದೆ. ಸೋಲ್ಜರುಗಳ ಬ್ಯಾಂಡು ಎದುರಿಗೇ ಬಾರಿಸುತ್ತಾ ಹೋದರೂ ಬೆನ್ನು ತಿರುಗಿಸಿ ಪಿಳ್ಳಮ್ಮನ ಬಾಯಿಯನ್ನೇ ನೋಡುತ್ತಿದ್ದೆ. ಪರದೇಶ ನೋಡಲು ಹೋದವಳು ವಾರ ವಾರವೂ ದೊಡ್ಡನೆಕ್ಕುಂದಿಯ ಸಮಾಚಾರವನ್ನೇ ಕೇಳಿ ಬಂದೆ.

ಇದರ ಮೇಲೆ ಕಾಗದಗಳು. ಅಮ್ಮನಿಗೆ ಬರೆಯಲು ಬಾರದು, ತಾತನಿಗೆ ಹತ್ತಿರದ ಅಕ್ಷರ ಕಾಣದು. ಹಾಗಾಗಿ ನನ್ನ ತಾಯಿ ನನಗೆ ಬರೆಸುತ್ತಿದ್ದ ಕಾಗದಗಳನ್ನು ಬರೆಯುತ್ತಿದ್ದವಳು ರೋಸಿ. ಮಿಷನ್ನಿನಲ್ಲಿ ಕಲಿತ ದುಂಡನೆಯ ಕನ್ನಡ ಅಕ್ಷರ, ಒಂದು ಗೆರೆ ಓರೆಯಾಗಿಲ್ಲ. "ನಿಮ್ಮ ತಾಯಿಯವರು ನಿನ್ನ ಆರೋಗ್ಯ ವಿಚಾರಿಸಿದ್ದಾರೆ. ಕರುವು ಕ್ಷೇಮವಾಗಿದೆ. ನಿನ್ನೆ ರೊಟ್ಟಿ ತಟ್ಟುವುದನ್ನು ಕಲಿತೆನು. ಚೆನ್ನಾಗಿ ಬಂತು ಎಂದು ತಾಯಿಯವರು ಹೇಳಿದರು." ನೋಡಿದಿರಾ? ನನ್ನ ತಾಯಿಯ ಮಾತು ನನಗೆ ತಲುಪಬೇಕಾದರೆ ಅವಳ ಕೈ ದಾಟಿಯೇ ಬರಬೇಕು. ಅಷ್ಟೇ ಸಾಲದೆಂದು ತನ್ನ ರೊಟ್ಟಿಯನ್ನೂ ತಾನೇ ಹೊಗಳಿಕೊಂಡು ಬರೆಯುವುದು!

ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಕೂತು ಅಮ್ಮನಿಗೆ ಕಾಗದ ಬರೆದೆ. ಅದರಲ್ಲಿ ಏನು ಬರೆದೆ ಎಂದು ಹೇಳಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ. ಆದರೂ ಹೇಳುತ್ತೇನೆ. "ಆ ಹುಡುಗಿ ಯಾವ ಜಾತಿಯೋ ಏನೋ. ಹೆತ್ತವರು ಯಾರು ಎಂದು ಅವಳಿಗೇ ತಿಳಿಯದು. ಅಂಥವಳ ಬಾಯಿಗೆ ನನ್ನ ಲೋಟ ಕೊಡಬೇಡ. ಕೊಟ್ಟರೆ ನಾನು ವಾಪಸು ಬಂದ ಮೇಲೆ ಆ ಲೋಟ ಮುಟ್ಟುವುದಿಲ್ಲ." ಹೀಗೆ ಬರೆದು, ಅಂಟಿಸಿ, ಡಬ್ಬಿಗೆ ಹಾಕಿ ಬಂದೆ. ಆ ರಾತ್ರಿ ಒಳ್ಳೆ ನಿದ್ದೆ ಬಂತು.

ಹತ್ತು ದಿನಕ್ಕೆ ಉತ್ತರ ಬಂತು. ಅದೇ ದುಂಡು ಅಕ್ಷರ. "ನಿನ್ನ ಲೋಟವನ್ನು ತೊಳೆದು ಅಟ್ಟದ ಮೇಲೆ ಇಟ್ಟಿದ್ದೇನೆ, ಅದನ್ನು ಯಾರೂ ಮುಟ್ಟುವುದಿಲ್ಲ. ಹೆಸರು ಕೊರೆಯುವವನು ಊರಿಗೆ ಬಂದಿದ್ದ. ಜೋಡಿ ಲೋಟದ ಮೇಲೆ ಈ ಹುಡುಗಿಯ ಹೆಸರು ಹಾಕಿಸಿದೆ. ಇನ್ನು ನಿನಗೆ ಚಿಂತೆ ಬೇಡ ಎಂದು ನಿಮ್ಮ ತಾಯಿಯವರು ಹೇಳಿದ್ದಾರೆ."

ಹೆಸರು ಹಾಕಿಸಿದಳೇ! ಅಂದರೆ ಅವಳು ನೆಂಟಳಲ್ಲ, ಮನೆಯವಳು. ನಾನೇ ಕಾಗದ ಬರೆದು, ನಾನೇ ಬಾಗಿಲು ತೆಗೆದು ಅವಳನ್ನು ಒಳಗೆ ಕೂರಿಸಿದ ಹಾಗಾಯಿತು. ಶನಿವಾರ ಗೆಳತಿಯರ ಮುಂದೆ ಆ ಕಾಗದ ಹಿಡಿದು ಕುಣಿದಾಡಿಬಿಟ್ಟೆ. "ನೋಡ್ರೇ ಅನ್ಯಾಯ! ನಾನು ಲೋಟ ಕೊಡ್ಬೇಡ ಅಂತ ಬರೆದ್ರೆ ನಮ್ಮಮ್ಮ ಮಾಡಿರೋ ಕೆಲಸ ನೋಡ್ರೇ!"

"ನೀನೇನಂತ ಬರೆದಿದ್ದೆ?" ಎಂದಳು ಮೆಹರ್. ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

ಕಣ್ಮಣಿ ನಡೆಯುತ್ತಿದ್ದವಳು ನಿಂತಳು. "ಜಯಾ, ನಿಮ್ಮಮ್ಮಂಗೆ ಓದೋಕೆ ಬರಲ್ಲ ಅಂದಿದ್ಯಲ್ಲ. ಹಾಗಾದ್ರೆ ನಿನ್ ಕಾಗದಾನ ಓದಿ ಹೇಳಿದ್ದು ಯಾರು ಡೀ?"

ನನಗೆ ಅದು ಹೊಳೆದೇ ಇರಲಿಲ್ಲ. ನಿಜವಾಗಿ ಹೊಳೆದಿರಲಿಲ್ಲ. ಬಾಯಿ ಜೋರಿದ್ದವಳು, ಜಾಣೆ ಎಂದು ಆರಿಸಿ ಕಳಿಸಿದವಳು! ಮೆಹರ್ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ನಮ್ಮನೇಲಿ ಶರಬತ್ತು ಎರಡು ಸಲ ಕುಡಿದ್ಯಲ್ಲ. ಆವಾಗ ನಮ್ದು ಯಾವ ಜಾತಿ ಅಂತ ಕೇಳಿದ್ಯಾ? ನಕ್ಕೋ, ಮಾತಾಡ್ಬೇಡ ನನ್ ಜೊತೆ."

ಹದಿನೈದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಕಣ್ಮಣಿ ಮಾತಾಡಿದಳು, ಆದರೆ ಮುಖ ನೋಡಿ ಮಾತಾಡಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ತಪಾಸಣೆಯ ಅಮ್ಮನವರ ಮೇಲೆ, ಅಮ್ಮನ ಮೇಲೆ, ಕರುವಿನ ಮೇಲೆ. ನನ್ನ ಮೇಲೆ ಬರಬೇಕಾದ ಸಿಟ್ಟು ಮಾತ್ರ ಕೊನೆಗೆ ಬಂತು. ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಹದಿನೇಳನ್ನು ನೋಡುತ್ತಾ ನೋಡುತ್ತಾ, ಈ ತಟ್ಟೆಯನ್ನು ಅವಳು ಏಳು ವರ್ಷದಿಂದ ತೊಳೆಯುತ್ತಿದ್ದಾಳಲ್ಲ ಎಂದು ಲೆಕ್ಕ ಹಾಕಿದೆ. ನನಗೆ ಮೂರು ತಿಂಗಳೇ ತಡೆಯಲಾಗಿರಲಿಲ್ಲ.

ಕೊನೆಗೂ ಆ ದಿನ ಬಂತು. ನನ್ನನ್ನು ಕರೆದುಕೊಂಡು ಹೋಗಿ, ರೋಸಿಯನ್ನು ಬಿಟ್ಟುಹೋಗಲು ಅಮ್ಮ ತಾನೇ ಹಾಸ್ಟೆಲಿಗೆ ಬಂದಳು. ಹಿಂದೆ ರೋಸಿ, ನನ್ನ ಹಸಿರು ಲಂಗ ಉಟ್ಟುಕೊಂಡು. ಕೆನ್ನೆ ತುಂಬಿತ್ತು, ಜಡೆಯಲ್ಲಿ ಕನಕಾಂಬರ ಇತ್ತು. ನಾನು ಅಮ್ಮನ ಹತ್ತಿರ ಓಡಿದೆ. ಅಮ್ಮ ನನ್ನ ಗಲ್ಲ ಹಿಡಿದು, "ಯಾಕಮ್ಮಿ ಇಷ್ಟು ಸೊರಗಿದ್ಯಾ?" ಎಂದಳು. ಅಷ್ಟಕ್ಕೇ ನನ್ನ ಅರ್ಧ ಸಿಟ್ಟು ಕರಗಿತ್ತು. ಉಳಿದರ್ಧವನ್ನು ಹಾಗೇ ಇಟ್ಟುಕೊಂಡಿದ್ದೆ.

ಅಮ್ಮ ಸೆರಗಿನಿಂದ ಆ ಲೋಟ ತೆಗೆದು ಮೇಟ್ರನ್ ಅಮ್ಮನ ಮುಂದೆ ಹಿಡಿದಳು. "ಇದು ಈ ಮಗೀದು. ಇದ್ರಾಗೇ ನೀರು ಕೊಡಿ."

"ಇದೆಲ್ಲ ಇಲ್ಲಿ ಇಟ್ಕೊಳ್ಳೋ ಹಾಗಿಲ್ಲಮ್ಮ" ಎಂದರು ಮೇಟ್ರನ್. "ಒಬ್ಬಳಿಗೆ ಬಿಟ್ರೆ ಅರವತ್ತು ಜನಾನೂ ಕೇಳ್ತಾರೆ. ಅವಳ ಮಗ್ಗು ಅವಳಿಗಿದೆ. ಸೆವೆಂಟೀನ್, ಒಳಗೆ ಹೋಗು."

ನಾನೂ ರೋಸಿಯೂ ಇಬ್ಬರೂ ಒಟ್ಟಿಗೆ ಹೆಜ್ಜೆ ಮುಂದಿಟ್ಟೆವು.

ಅಮ್ಮ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. "ಯಾರ್ನ ಕರೀತಾವ್ರೆ ಇವ್ರು? ಅದೇನದು?"

"ನಂಬರು ಅಮ್ಮ" ಎಂದೆ. "ಹದಿನೇಳು. ಮೂರು ತಿಂಗಳು ನಾನು. ಇನ್ಮೇಲೆ ಮತ್ತೆ ಅವಳು."

"ನಂಬ್ರಾ?" ಅಮ್ಮನ ಧ್ವನಿ ಕಾಂಪೌಂಡು ದಾಟಿ ರಸ್ತೆಗೆ ಕೇಳಿಸಿತು. "ನಮ್ ಹಟ್ಟೀಲಿ ದನಕ್ಕೂ ಹೆಸ್ರು ಮಡಗಿವ್ನಿ ಕಣ್ರವ್ವ! ಎತ್ತಿಗೆ ಹೆಸ್ರೈತೆ, ನಾಯಿಗೆ ಹೆಸ್ರೈತೆ. ಹೆಣ್ಮಗೀಗೆ ನಂಬ್ರ ಹಾಕಿ ಗಂಜಿ ಕುಡಿಸ್ತಿರಾ? ಕೊರೆಯೋನ ಪಕ್ಕದಾಗೆ ಕೂತು ಬೆಳ್ಳು ಮಡಗಿ ನೋಡಿ ಹಾಕ್ಸಿವ್ನಿ ಈ ಹೆಸ್ರ. ಬ್ಯಾಡ ಅಂದ್ರೆ ಏನರ್ಥ?"

"ಕಾನೂನು ನಾನು ಮಾಡಿದ್ದಲ್ಲಮ್ಮ" ಎಂದರು ಮೇಟ್ರನ್. ಅವರೂ ಕೆಟ್ಟವರಲ್ಲ. ಆದರೆ ಅಮ್ಮ ಕೇಳುವ ಸ್ಥಿತಿಯಲ್ಲಿರಲಿಲ್ಲ, ಅವಳ ಬಾಯಿಂದ ನಮ್ಮ ಕಡೆಯ ಒಳ್ಳೊಳ್ಳೆಯ ಬೈಗುಳಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಆ ಗದ್ದಲದಲ್ಲಿ ನಾನು ರೋಸಿಯ ಪಕ್ಕ ನಿಂತಿದ್ದೆ. ನೆಲ ನೋಡುತ್ತಾ ಕೇಳಿದೆ.

"ಆ ಕಾಗದ... ನೀನೇ ಓದಿದ್ಯಾ?"

"ಹೂಂ."

"ಪೂರ್ತಿನಾ?"

"ಅಮ್ಮ ಪೂರ್ತಿ ಓದು ಅಂದ್ರು" ಎಂದಳು ರೋಸಿ. "ಓದಿದೆ."

ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಓಡಿಹೋಗಿ, ಸ್ಕೂಲು ಮುಗಿಸಿ ನನ್ನನ್ನು ಕಳಿಸಿಕೊಡಲು ನಿಂತಿದ್ದ ಕಣ್ಮಣಿಯ ಜಾಮಿಟ್ರಿ ಪೆಟ್ಟಿಗೆಯಿಂದ ಕೈವಾರ ಕಿತ್ತುಕೊಂಡೆ. "ಎನ್ನಡಿ ಮಾಡ್ತೀಯಾ?" ಎಂದು ಅವಳೂ ಹಿಂದೆ ಬಂದಳು. ಮಾತು ಬಿಟ್ಟಿದ್ದ ಮೆಹರ್ ಕೂಡ ಬಂದಳು. ಊಟದ ಮನೆಯಲ್ಲಿ ಹದಿನೇಳನೆಯ ತಟ್ಟೆ ಹುಡುಕಿ ಕವುಚಿ ಹಾಕಿ, ಮೂರು ತಿಂಗಳ ಸಿಟ್ಟನ್ನೆಲ್ಲ ಕೈವಾರದ ಮೊನೆಗೆ ತಂದು ಕೊರೆಯತೊಡಗಿದೆ. ನಾನು ಏನು ಬರೆಯುತ್ತಿದ್ದೇನೆ ಎಂದು ಮೆಹರ್ ಬಗ್ಗಿ ನೋಡಿದಳು. ನೋಡಿ, ಹೋಗಿ ಬಾಗಿಲಲ್ಲಿ ಕಾವಲು ನಿಂತಳು. "ಜಲ್ದಿ ಮಾಡು ಜಯಾ, ನಿಮ್ಮಮ್ಮನ ಉಸಿರು ಮುಗೀತಾ ಬಂತು" ಎಂದಳು. ಹದಿನೈದು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಅಕ್ಷರಗಳು ಕೋಳಿ ಕೆದರಿದ ಹಾಗೆ ಬಂದವು. ರೋಜಮ್ಮ ಎಂದು ಓದಲಿಕ್ಕಂತೂ ಆಗುತ್ತಿತ್ತು.

ಹೊರಡುವಾಗ ರೋಸಿಯ ಹತ್ತಿರ ಹೋಗಿ, "ರಾತ್ರಿ ಊಟ ಆದ್ಮೇಲೆ ತಟ್ಟೆ ತಿರುಗಿಸಿ ನೋಡು" ಎಂದೆ. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಅದು ಬಾಯಿಗೆ ಬರಲಿಲ್ಲ.

ಲೋಟ ಅಮ್ಮನ ಸೆರಗಿನಲ್ಲೇ ನಮ್ಮ ಮನೆಗೆ ವಾಪಸು ಬಂತು. "ಅವ್ಳು ಬಂದಾಗ ಬೇಕಾಗ್ತೈತೆ" ಎಂದು ನನ್ನ ಲೋಟದ ಪಕ್ಕ ಇಟ್ಟಳು. ಬಂದಳು. ಪ್ರತಿ ರಜೆಗೂ ಬಂದಳು. ಆಮೇಲೆ ಆ ದಂಡೂ ಮಹಾರಾಜರ ಸರ್ಕಾರಕ್ಕೇ ಸೇರಿತು, ಪರದೇಶ ಎನ್ನುವುದು ಇಲ್ಲವಾಯಿತು, ಅವಳು ಬರುವುದು ಮಾತ್ರ ನಿಲ್ಲಲಿಲ್ಲ. ನರ್ಸ್ ಕೆಲಸ ಸಿಕ್ಕಿ ಹಾಸ್ಟೆಲ್ ಬಿಡುವಾಗ ಅವಳು ಹದಿನೇಳನೆಯ ತಟ್ಟೆಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಬಂದಳು. ಅವಳ ಜೀವಮಾನದ ಒಂದೇ ಕಳ್ಳತನ ಅದು, ನನ್ನ ಮನೆಯದನ್ನು ಬಿಟ್ಟರೆ.

ಎಷ್ಟೋ ವರ್ಷದ ಮೇಲೆ, ಹಳೆ ಹಿತ್ತಾಳೆಗೆ ಸ್ಟೀಲು ಕೊಡುವವರು ಊರೂರು ಸುತ್ತುವ ಕಾಲ ಬಂತು. ನಾನು ಗಂಡನ ಮನೆಯಿಂದ ಬಂದು ನೋಡುತ್ತೇನೆ, ಅಟ್ಟ ಪಳಪಳ ಎನ್ನುತ್ತಿದೆ. ಹಂಡೆ ಇಲ್ಲ, ಚೊಂಬಿಲ್ಲ, ನನ್ನ ಲೋಟ ಇಲ್ಲ. ರೋಜಮ್ಮನ ಲೋಟ ಮಾತ್ರ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ನಗುತ್ತಾ ಕೂತಿದೆ. ನಾನು ಮನೆ ಮೇಲೆ ಕೆಳಗೆ ಮಾಡಿದೆ.

"ಹೆತ್ತ ಮಗಳ ಲೋಟ ಕೊಟ್ಟು, ಅವಳದು ಇಟ್ಕೊಂಡಿದ್ಯಲ್ಲಮ್ಮ! ನಾನು ನಿನಗೇನೂ ಅಲ್ವಾ?"

ಅಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ನಿನ್ಗ್ಯಾಕಮ್ಮಿ ಲೋಟ? ನೀನು ಎಲ್ಲೂ ಬರೀದಿದ್ರೂ ಈ ಮನೆ ಮಗ್ಳೇ. ಅವ್ಳಿಗೆ ಬರ್ದು ಮಡಗ್ಬೇಕಾಯ್ತು."

ಅಮ್ಮ ಹೋಗಿ ಬಹಳ ಕಾಲವಾಯಿತು. ಆ ಮನೆಯ ಪಾತ್ರೆಗಳಲ್ಲಿ ನನ್ನ ಪಾಲಿಗೆ ಬಂದದ್ದು ಈ ಲೋಟ ಒಂದೇ. ಸೊಸೆ ಮಣ್ಣು ತೆಗೆದುಕೊಟ್ಟ ಮೇಲೆ ನಾನೇ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿಟ್ಟಿದ್ದೇನೆ, ಏಕೆಂದರೆ ನಾಳೆ ಶನಿವಾರ, ರೋಸಿ ಬರುತ್ತಾಳೆ. ಬಂದವಳು ಚಪ್ಪಲಿ ಬಿಡುವ ಮೊದಲೇ ಶೆಲ್ಫಿನ ಕಡೆ ಕಣ್ಣು ಹಾಯಿಸುತ್ತಾಳೆ. ಅವಳು ಕಾಲು ಚಾಚಿ ಕೂತು ನನ್ನಮ್ಮನ ಲೋಟದಲ್ಲಿ ಕಾಫಿ ಕುಡಿಯುತ್ತಾಳೆ. ನನ್ನದೇ ಮನೆಯಲ್ಲಿ ನಾನು ಹೆಸರಿಲ್ಲದ ಸ್ಟೀಲ್ ಲೋಟದಲ್ಲಿ ಕುಡಿಯುತ್ತೇನೆ. ಇದು ನ್ಯಾಯವೇ, ನೀವೇ ಹೇಳಿ.